ಹಕ್ಕಿ ಜ್ವರ: ಹೆದರಬೇಕಾದ್ದು ಯಾವುದಕ್ಕೆ?

ಟಿವಿಯಲ್ಲಿ ಹಕ್ಕಿ ಜ್ವರದ ಸುದ್ದಿ ಬಂತೆಂದರೆ ಹಳೇಬೀಡಿನಂಥ ಊರಿನಲ್ಲಿ ಎರಡು ಸಂಗತಿ ಒಟ್ಟಿಗೇ ನಡೆಯುತ್ತವೆ. ಭಾನುವಾರ ಕೋಳಿ ಅಂಗಡಿ ಮುಂದೆ ನಿಲ್ಲುವ ಜನ ಕರಗಿಹೋಗುತ್ತಾರೆ. ಅದೇ ಹೊತ್ತಿಗೆ ಊರಾಚೆಯ ಯಾವುದೋ ಹಿತ್ತಿಲಲ್ಲಿ ತೂಕಡಿಸುತ್ತಾ ಕೂತ ನಾಲ್ಕು ನಾಟಿ ಕೋಳಿಗಳನ್ನು ನೋಡಿ, "ಸತ್ತು ದಂಡ ಆಗೋಕೆ ಮುಂಚೆ ಕೊಯ್ದುಬಿಡೋಣ" ಎಂದು ಮನೆಯವರು ಕತ್ತಿ ಹುಡುಕುತ್ತಾರೆ. ಮೊದಲನೆಯದರಿಂದ ಯಾರ ಜೀವವೂ ಉಳಿಯುವುದಿಲ್ಲ. ಎರಡನೆಯದರಿಂದ ಜೀವ ಹೋಗಬಹುದು. ಈ ಕಾಯಿಲೆಯ ಬಗ್ಗೆ ನಮ್ಮ ಜನಕ್ಕೆ ಭಯ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಇರಬೇಕಾದ ಕಡೆ ಇಲ್ಲ.

"ಅದೆಲ್ಲ ಚೀನಾದ ಕಾಯಿಲೆ, ಹೆಚ್ಚೆಂದರೆ ಕೇರಳದ್ದು" ಎನ್ನುವವರು ಇನ್ನೂ ಇದ್ದಾರೆ. ಭಾರತದಲ್ಲಿ ಇದು ಮೊದಲು ಕಾಣಿಸಿಕೊಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯ ನವಾಪುರದ ಕೋಳಿ ಫಾರಂಗಳಲ್ಲಿ. ಕರ್ನಾಟಕಕ್ಕೂ ಇದು ಹೊಸದಲ್ಲ. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ರಾಶಿರಾಶಿಯಾಗಿ ಸತ್ತಾಗ ಹಕ್ಕಿ ಜ್ವರ ತರುವ ಎಚ್5ಎನ್1 ವೈರಾಣು ದೃಢಪಟ್ಟಿತು. 2017ರ ಜನವರಿಯಲ್ಲಿ ಇದರದೇ ಕುಲದ ಎಚ್5ಎನ್8 ವೈರಾಣುವಿನಿಂದ ನೀರುಹಕ್ಕಿಗಳು ಸತ್ತು, ಮೈಸೂರು ಮೃಗಾಲಯದ ಬಾಗಿಲನ್ನು ಸುಮಾರು ಒಂದು ತಿಂಗಳು ಮುಚ್ಚಬೇಕಾಯಿತು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲು, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿ, ಸಂಡೂರು ತಾಲ್ಲೂಕಿನ ಕುರೇಕುಪ್ಪದ ಸರ್ಕಾರಿ ಕೋಳಿ ಸಾಕಣೆ ಕೇಂದ್ರ. ಮಹಾನಗರ, ಹಳ್ಳಿ, ಸರ್ಕಾರಿ ಫಾರಂ, ಮೃಗಾಲಯ ಎಂದು ಅದು ಆರಿಸಿಕೊಂಡು ಬಂದಿಲ್ಲ. ಕೆರೆ ಇದ್ದು, ಕೆರೆಗೆ ಹಕ್ಕಿ ಇಳಿದು, ಆ ದಂಡೆಯಲ್ಲೇ ಕೋಳಿ ಮೇಯುವ ಯಾವ ಊರಿಗೂ ಬರಬಹುದು. ಹಳೇಬೀಡಿನಲ್ಲಿ ದ್ವಾರಸಮುದ್ರದ ಕೆರೆ ಇಟ್ಟುಕೊಂಡಿರುವ ನಾವು ಇದನ್ನು ದೂರದ ಮಾತು ಎಂದುಕೊಳ್ಳುವ ಹಾಗಿಲ್ಲ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ, ಕೋಳಿ ಸಾರು ತಿಂದರೆ ಹಕ್ಕಿ ಜ್ವರ ಬರುತ್ತದೆ ಎನ್ನುವುದು. ಚೆನ್ನಾಗಿ ಬೆಂದ ಕೋಳಿಯಿಂದ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯಿಂದ ಇದು ಬರುವುದಿಲ್ಲ. ಮಾಂಸದ ಒಳಭಾಗದವರೆಗೂ 70 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಿದರೆ ವೈರಾಣು ಸಾಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ನಮ್ಮ ಸಾರು ಕುದಿಯುವುದು ಅದಕ್ಕಿಂತ ಎಷ್ಟೋ ಹೆಚ್ಚಿನ ಬಿಸಿಯಲ್ಲಿ. ನಾಟಿ ಕೋಳಿಯಂತೂ ಗಂಟೆಗಟ್ಟಲೆ ಬೇಯದೆ ಮುದ್ದೆಯ ಜೊತೆಗೆ ಬರುವುದೇ ಇಲ್ಲ. ಹಾಗಾಗಿ ಹೊಸತೊಡಕಿನ ದಿನ ತಟ್ಟೆಯಲ್ಲಿರುವ ತುಂಡಿಗೆ ಹೆದರಬೇಕಾಗಿಲ್ಲ.

ಹೆದರಬೇಕಾದ್ದು ಆ ತುಂಡು ಒಲೆ ಮೇಲೆ ಏರುವ ಮುಂಚಿನ ಅರ್ಧ ಗಂಟೆಗೆ. ಹಿತ್ತಿಲಲ್ಲಿ ನಡೆಯುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡೋಣ. ಕಾಯಿಲೆ ಬಿದ್ದ ಕೋಳಿಯನ್ನು ಕಂಕುಳಲ್ಲಿ ಅವುಚಿ ತರುತ್ತಾರೆ. ಅದು ಉಸಿರಾಡುವಾಗ, ಕೆಮ್ಮುವಾಗ ಹೊರಬೀಳುವ ತೇವ ಮುಖಕ್ಕೆ ಸಿಡಿಯುತ್ತದೆ. ಕತ್ತು ಕೊಯ್ದಾಗ ರೆಕ್ಕೆ ಬಡಿದು ರಕ್ತ ಎರಚುತ್ತದೆ. ಬಿಸಿನೀರಿಗೆ ಅದ್ದಿ ಪುಕ್ಕ ಕೀಳುವಾಗ ಹಿಕ್ಕೆ ಮೆತ್ತಿದ ಗರಿಗಳು ಕೈಗೆ ಅಂಟುತ್ತವೆ. ಅರಿಶಿನ ಸವರಿ ಬೆಂಕಿಯಲ್ಲಿ ಸುಡುವುದರಿಂದ ಚರ್ಮದ ಮೇಲಿನ ಸಣ್ಣ ಕೂದಲು ಹೋಗುತ್ತದೆ, ಒಳಗಿನ ವೈರಾಣು ಹೋಗುವುದಿಲ್ಲ. ಆಮೇಲೆ ಹೊಟ್ಟೆ ಸೀಳಿ ಕರುಳು ತೆಗೆಯುತ್ತಾರೆ. ವೈರಾಣು ತುಂಬಿಕೊಂಡಿರುವ ಜಾಗಗಳಲ್ಲಿ ಅದೂ ಒಂದು. ಪಕ್ಕದಲ್ಲಿ ಮಕ್ಕಳು ಬಗ್ಗಿ ನೋಡುತ್ತಿರುತ್ತಾರೆ. ಕೈ ಕಣ್ಣಿಗೋ ಮೂಗಿಗೋ ಹೋಗುತ್ತದೆ. ವೈರಾಣು ದಾಟುವುದು ಇಲ್ಲಿ. ಊಟಕ್ಕೆ ಕೂರುವಷ್ಟರಲ್ಲಿ ಅಪಾಯದ ಹೊತ್ತು ಕಳೆದೇ ಹೋಗಿರುತ್ತದೆ.

ಆದ್ದರಿಂದ "ಹೇಗಿದ್ದರೂ ಬೇಯಿಸ್ತೀವಲ್ಲ" ಎಂದು ಕಾಯಿಲೆಯ ಕೋಳಿಯನ್ನು ಕೊಯ್ಯುವುದು, ಅರ್ಧ ಬೆಲೆಗೆ ಸಿಕ್ಕಿತೆಂದು ತೂಕಡಿಸುವ ಕೋಳಿಯನ್ನು ಸಂತೆಯಿಂದ ತರುವುದು ನನ್ನ ಪ್ರಕಾರ ಈ ವಿಷಯದಲ್ಲಿ ನಾವು ಮಾಡುವ ಅತಿ ದೊಡ್ಡ ತಪ್ಪು. ತಿಂದರೆ ಬರುತ್ತದೆ ಎಂಬ ತಪ್ಪು ಕಲ್ಪನೆಗಿಂತ, ಬೇಯಿಸುತ್ತೇವೆ ಎಂಬ ಧೈರ್ಯದಿಂದ ಆಗುವ ಕೇಡು ಹೆಚ್ಚು.

ಇನ್ನು ಹಸಿ ಮಾಂಸ, ಹಸಿ ಮೊಟ್ಟೆಯ ಮಾತೇ ಬೇರೆ. 2025ರ ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ನರಸರಾವ್‌ಪೇಟೆಯ ಎರಡು ವರ್ಷದ ಹೆಣ್ಣುಮಗು ಎಚ್5ಎನ್1 ಸೋಂಕಿನಿಂದ ಮಂಗಳಗಿರಿಯ ಏಮ್ಸ್‌ನಲ್ಲಿ ತೀರಿಕೊಂಡಿತು. ಮನೆಯಲ್ಲಿ ಮಾಂಸ ಹೆಚ್ಚುವಾಗ ಆ ಮಗು ಹಸಿ ತುಂಡೊಂದನ್ನು ತಿಂದಿತ್ತೆಂದು ಆಗ ವರದಿಯಾಗಿತ್ತು. ಮೈ ಬರಲಿ ಎಂದು ಮಕ್ಕಳಿಗೆ ಹಸಿ ಮೊಟ್ಟೆ ಒಡೆದು ಕುಡಿಸುವ, ಜಿಮ್‌ಗೆ ಹೋಗುವ ಹುಡುಗರು ಲೋಟಕ್ಕೆ ಸುರಿದುಕೊಂಡು ಕುಡಿಯುವ ರೂಢಿಯನ್ನು ಬಿಟ್ಟುಬಿಡಬೇಕು. ಅಡುಗೆಮನೆಯಲ್ಲಿ ಮಾಂಸ ಹೆಚ್ಚಿದ ಚಾಕುವಿನಲ್ಲೇ ಸೌತೆಕಾಯಿ ಹೆಚ್ಚುವುದೂ ಬೇಡ. ಮಾಂಸ, ಮೊಟ್ಟೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದರೆ ಆಯಿತು. ಸೋಪಿನ ಮುಂದೆ ಈ ವೈರಾಣು ನಿಲ್ಲುವುದಿಲ್ಲ.

"ನಾಟಿ ಕೋಳಿಗೆ ಬರಲ್ಲ ಸ್ವಾಮಿ, ಇಂಜೆಕ್ಷನ್ ಚುಚ್ಚಿ ಬೆಳೆಸಿದ ಫಾರಂ ಕೋಳಿಗೆ ಮಾತ್ರ." ಅರಸೀಕೆರೆ, ಬೇಲೂರು ಕಡೆ ಈ ಮಾತನ್ನು ಹೇಳದವರೇ ಕಡಿಮೆ. ನಾಟಿ ಕೋಳಿ ಗಟ್ಟಿ ಜೀವ, ನಿಜ. ಆದರೆ ಹಕ್ಕಿ ಜ್ವರಕ್ಕೆ ಆ ಗಟ್ಟಿತನ ಸಾಲದು. 2008ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಇದು ಹಬ್ಬಿದ್ದು ಮುಖ್ಯವಾಗಿ ಮನೆಮನೆಯ ಹಿತ್ತಿಲ ಕೋಳಿಗಳಲ್ಲಿ. ಲಕ್ಷಾಂತರ ಕೋಳಿಗಳನ್ನು ಕೊಲ್ಲಬೇಕಾಯಿತು. ವರದಹಳ್ಳಿಯಲ್ಲಿ ಮೊದಲು ಸತ್ತದ್ದೂ ಮನೆಗಳಲ್ಲಿ ಸಾಕಿದ್ದ ಕೋಳಿಗಳೇ. ಬಲೆ ಹಾಕಿದ ಶೆಡ್ಡಿನೊಳಗಿನ ಕೋಳಿಗೆ ಹೊರಗಿನ ಹಕ್ಕಿಯ ಸಂಪರ್ಕ ಕಡಿಮೆ. ನಮ್ಮ ಹಿತ್ತಿಲ ಕೋಳಿ ಕೆರೆ ಏರಿ ಮೇಲೆ ಮೇಯುತ್ತದೆ, ಬಾತು ಈಜಿದ ನೀರು ಕುಡಿಯುತ್ತದೆ, ರಾತ್ರಿ ಮಂಕರಿಯ ಕೆಳಗೆ ಮನೆಯವರ ಹತ್ತಿರವೇ ಮಲಗುತ್ತದೆ. ಹಾಗೆಂದು ಫಾರಂಗಳು ನಿಶ್ಚಿಂತೆಯಿಂದ ಇರಬಹುದೆಂದಲ್ಲ. ಅಲ್ಲಿ ಒಂದಕ್ಕೆ ಬಂದರೆ ದಿನಗಳೊಳಗೆ ಸಾವಿರಕ್ಕೆ.

ಸಾವಿರಾರು ವರ್ಷಗಳಿಂದ ಬಂದುಹೋಗುತ್ತಿರುವ ವಲಸೆ ಹಕ್ಕಿಗಳನ್ನು ಕಂಡರೆ ಈಗ ಕಾಯಿಲೆ ತರುತ್ತವೆಂದು ಕಲ್ಲು ಹೊಡೆಯುವವರಿದ್ದಾರೆ. ಗೂಡಿರುವ ಮರ ಕಡಿಯಿರಿ, ಪಟಾಕಿ ಹೊಡೆದು ಓಡಿಸಿ ಎಂಬ ಬೇಡಿಕೆಯೂ ಬರುತ್ತದೆ. ಕಾಡುಬಾತುಗಳಂಥ ನೀರುಹಕ್ಕಿಗಳು ಈ ವೈರಾಣುವನ್ನು ಹೊತ್ತು ತರುತ್ತವೆ ಎನ್ನುವುದು ಸತ್ಯ; ಕೆಲವು ತಾವು ಕಾಯಿಲೆ ಬೀಳದೆಯೇ ಹಂಚಬಲ್ಲವು. ಆದರೆ ಸಾಯುವವರ ಸಾಲಿನಲ್ಲೂ ಹಕ್ಕಿಗಳೇ ಮೊದಲು. 2021ರ ಜನವರಿಯಲ್ಲಿ ಹಿಮಾಚಲದ ಪೋಂಗ್ ಜಲಾಶಯದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಚಳಿಗಾಲಕ್ಕೆ ನಮ್ಮ ರಾಜ್ಯದ ಕೆರೆಗಳಿಗೂ ಬರುವ ಹೆಬ್ಬಾತು ಅದೇ. ಓಡಿಸಿದರೆ ಹಕ್ಕಿ ಪಕ್ಕದ ಕೆರೆಗೆ ಹೋಗುತ್ತದೆ, ಜೊತೆಗೆ ವೈರಾಣುವೂ ಹೋಗುತ್ತದೆ. ಒಂದೂರಿನಿಂದ ಇನ್ನೊಂದೂರಿಗೆ ಕಾಯಿಲೆಯನ್ನು ದಾಟಿಸುವುದರಲ್ಲಿ ಮನುಷ್ಯನ ಪಾಲು ಸಣ್ಣದಲ್ಲ: ತೊಳೆಯದ ಕೋಳಿ ಪಂಜರ, ಮೊಟ್ಟೆ ಟ್ರೇ, ಫಾರಂನಿಂದ ಫಾರಂಗೆ ಸುತ್ತುವ ಲಾರಿಯ ಚಕ್ರ, ಹಿಕ್ಕೆ ಮೆತ್ತಿದ ಚಪ್ಪಲಿ. ಸತ್ತ ಕೋಳಿಯನ್ನು ಚೀಲಕ್ಕೆ ತುಂಬಿ ಕೆರೆಗೆ ಎಸೆಯುವವರು ಹಕ್ಕಿಯನ್ನು ಬೈಯುವುದು ನ್ಯಾಯವಲ್ಲ. ತಣ್ಣನೆಯ ನೀರಿನಲ್ಲಿ ಈ ವೈರಾಣು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬದುಕಿರುತ್ತದೆ.

ಸತ್ತ ಹಕ್ಕಿ ಕಂಡ ತಕ್ಷಣ ಹಕ್ಕಿ ಜ್ವರ ಎಂದು ಹಬ್ಬಿಸುವುದೂ ಅಷ್ಟೇ ತಪ್ಪು. 2017ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬಿದ್ದು ಸಾಯತೊಡಗಿದಾಗ ಎಲ್ಲರಿಗೂ ಬಂದದ್ದು ಇದೇ ಅನುಮಾನ. ಪರೀಕ್ಷೆಯಲ್ಲಿ ಸಿಕ್ಕಿದ್ದು ಹೊಟ್ಟೆಯ ಹುಳುಗಳು. ನಮ್ಮ ಹಳ್ಳಿಗಳಲ್ಲಿ ಕೋಳಿಗಳು ಗುಂಪಾಗಿ ಸಾಯುವುದಕ್ಕೆ ಬಹಳ ಸಲ ಕಾರಣ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಅದೂ ವೈರಾಣುವಿನದೇ, ಆದರೆ ಬೇರೆ ವೈರಾಣು. ಮನುಷ್ಯರಿಗೆ ತಗುಲಿದರೂ ಸಾಮಾನ್ಯವಾಗಿ ಕಣ್ಣು ಕೆಂಪಾಗಿ ವಾಸಿಯಾಗುತ್ತದೆ. ಕತ್ತು ತಿರುಚಿಕೊಳ್ಳುವುದು, ಹಸಿರು ಭೇದಿ, ಮೇಲುಸಿರು ಅದರ ಲಕ್ಷಣಗಳು. ಹಕ್ಕಿ ಜ್ವರದಲ್ಲಿ ಜುಟ್ಟು ನೀಲಿಗಟ್ಟುತ್ತದೆ, ಮುಖ ಊದುತ್ತದೆ, ಕಾಲಿನ ಮೇಲೆ ರಕ್ತದ ಕಲೆಗಳು ಏಳುತ್ತವೆ. ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರದೆ ಬೆಳಗಾಗುವಷ್ಟರಲ್ಲಿ ಸತ್ತಿರುತ್ತವೆ. ಬರಿಗಣ್ಣಿನಿಂದ ಎರಡನ್ನೂ ಬೇರ್ಪಡಿಸಿ ಹೇಳುವುದು ಪಶುವೈದ್ಯರಿಗೂ ಆಗದ ಕೆಲಸ. ಕೊಕ್ಕರೆ ರೋಗಕ್ಕೆ ಲಸಿಕೆ ಇದೆ, ಹಾಕಿಸಿರಬೇಕು. ಹಾಕಿಸಿದ ಕೋಳಿಗಳೂ ದಿಢೀರನೆ ಸತ್ತರೆ ಅನುಮಾನ ಪಡಲೇಬೇಕು.

ಮನುಷ್ಯರ ವಿಚಾರಕ್ಕೆ ಬಂದರೆ ಎರಡು ತುದಿಯ ಮಾತು. ಒಬ್ಬರು ಮನುಷ್ಯರಿಗೆ ಬರುವುದೇ ಇಲ್ಲ ಎನ್ನುತ್ತಾರೆ, ಇನ್ನೊಬ್ಬರು ಬಂದರೆ ಊರಿಗೆ ಊರೇ ಖಾಲಿ ಎನ್ನುತ್ತಾರೆ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಮೊದಲ ಸಲ ಮನುಷ್ಯರಿಗೆ ಬಂದಾಗ 18 ಜನರಿಗೆ ತಗುಲಿ 6 ಜನ ಸತ್ತರು. 2003ರಿಂದೀಚೆಗೆ ಜಗತ್ತಿನಲ್ಲಿ 900ಕ್ಕೂ ಹೆಚ್ಚು ಜನರಲ್ಲಿ ಸೋಂಕು ದೃಢಪಟ್ಟಿದೆ, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಉಳಿಯಲಿಲ್ಲ. ನಮ್ಮ ದೇಶದಲ್ಲಿ ಎಚ್5ಎನ್1ರಿಂದ ಮೊದಲ ಸಾವು ದಾಖಲಾದದ್ದು 2021ರ ಜುಲೈನಲ್ಲಿ, ದೆಹಲಿಯ ಏಮ್ಸ್‌ನಲ್ಲಿದ್ದ ಹರಿಯಾಣದ 11 ವರ್ಷದ ಹುಡುಗನದು. ಕೋಟ್ಯಂತರ ಜನ ದಿನವೂ ಕೋಳಿಯೊಂದಿಗೇ ಬದುಕುವ ಜಗತ್ತಿನಲ್ಲಿ 900 ಸಣ್ಣ ಸಂಖ್ಯೆ. ಈ ವೈರಾಣು ಸುಲಭವಾಗಿ ಅಂಟಿಕೊಳ್ಳುವ ಜೀವಕೋಶಗಳು ಮನುಷ್ಯನಲ್ಲಿ ಹೆಚ್ಚಾಗಿ ಇರುವುದು ಶ್ವಾಸಕೋಶದ ಆಳದಲ್ಲಿ. ಅಲ್ಲಿಗೆ ತಲುಪುವುದು ಕಷ್ಟ, ಅಲ್ಲಿಂದ ಕೆಮ್ಮಿನ ಮೂಲಕ ಇನ್ನೊಬ್ಬರಿಗೆ ಹಾರುವುದು ಇನ್ನೂ ಕಷ್ಟ. ಆದರೆ ಒಮ್ಮೆ ತಲುಪಿದರೆ ನ್ಯುಮೋನಿಯಾ ಮಾಡುವುದೂ ಅಷ್ಟು ಆಳದಲ್ಲೇ. ಅಪರೂಪ ಮತ್ತು ಭೀಕರ, ಎರಡಕ್ಕೂ ಕಾರಣ ಒಂದೇ. ಇಲ್ಲಿಯವರೆಗೆ ಇದು ಮನುಷ್ಯರಿಂದ ಮನುಷ್ಯರಿಗೆ ಸರಾಗವಾಗಿ ಹರಡಿಲ್ಲ. ಆದರೆ ವೈರಾಣು ರೂಪ ಬದಲಿಸುತ್ತಲೇ ಇರುತ್ತದೆ. 2024ರಲ್ಲಿ ಅಮೆರಿಕದ ಹಸುಗಳಿಗೆ ಬಂತು, ಅದೇ ಡಿಸೆಂಬರ್‌ನಲ್ಲಿ ನಾಗಪುರದ ಗೋರೆವಾಡಾದಲ್ಲಿ ಮೂರು ಹುಲಿ, ಒಂದು ಚಿರತೆಯನ್ನು ಕೊಂದಿತು. ಸತ್ತ ಕೋಳಿಯನ್ನು ಬೆಕ್ಕು ನಾಯಿಗೆ ಹಾಕಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಹಸುಗಳಿಗೂ ಬಂದಿರುವುದರಿಂದ, ಹಾಲನ್ನು ಕಾಯಿಸದೆ ಕುಡಿಯದ ನಮ್ಮ ಮನೆಗಳ ರೂಢಿಯೂ ಒಳ್ಳೆಯದೇ.

ವದಂತಿ ಏನು ಮಾಡಬಲ್ಲದು ಎನ್ನುವುದಕ್ಕೆ 2020ರ ಮಾರ್ಚ್‌ನಲ್ಲಿ ಆದದ್ದನ್ನು ಇಲ್ಲಿ ನೆನೆಯಬೇಕು. ಕುಂಬಾರಕೊಪ್ಪಲಿನ ಸುದ್ದಿ ಬಂದಾಗಲೇ ಕೊರೊನಾವೂ ಕಾಲಿಟ್ಟಿತ್ತು. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶಗಳು ಎರಡು ಕಾಯಿಲೆಗಳನ್ನು ಒಂದೇ ಮಾಡಿಬಿಟ್ಟವು. ಕೊಳ್ಳುವವರಿಲ್ಲದೆ, ಮೇವಿಗೆ ದುಡ್ಡಿಲ್ಲದೆ ರೈತರು ಆರೋಗ್ಯವಾಗಿದ್ದ ಮರಿಗಳನ್ನು ಗುಂಡಿ ತೋಡಿ ಜೀವಂತ ಹೂತರು. ವೈರಾಣು ಮುಟ್ಟದ ಮನೆಗಳನ್ನೂ ವದಂತಿ ಹಾಳು ಮಾಡಿತು. ಸಾಲ ಮಾಡಿ ಶೆಡ್ಡು ಕಟ್ಟಿದವರ ಆ ಸಂಕಟ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಜ್ವರ ಬಂದರೆ? ಕಾಯಿಲೆಯ ಅಥವಾ ಸತ್ತ ಕೋಳಿಯನ್ನು ಮುಟ್ಟಿ ಹತ್ತು ದಿನದೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಅಥವಾ ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ಜ್ವರದ ಜೊತೆ ಕೋಳಿಯ ವಿಷಯವನ್ನೂ ಹೇಳಬೇಕು. ಹೇಳದಿದ್ದರೆ ಅವರಿಗೆ ಗೊತ್ತಾಗುವ ದಾರಿಯಿಲ್ಲ. ಮಾಮೂಲಿ ಫ್ಲೂ ಎಂದುಕೊಂಡು ದಿನ ಕಳೆಯುತ್ತದೆ. ಒಸೆಲ್ಟಾಮಿವಿರ್ ಎಂಬ ಮಾತ್ರೆ ಇದೆ, ಎಷ್ಟು ಬೇಗ ಶುರುವಾದರೆ ಅಷ್ಟು ಗುಣ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಆ್ಯಂಟಿಬಯಾಟಿಕ್ ಈ ವೈರಾಣುವಿಗೆ ಏನೂ ಮಾಡುವುದಿಲ್ಲ. ವರ್ಷಕ್ಕೊಮ್ಮೆ ಹಾಕಿಸುವ ಫ್ಲೂ ಲಸಿಕೆಯನ್ನೂ ಇದಕ್ಕೆ ನಂಬುವಂತಿಲ್ಲ.

ಕೊನೆಯದಾಗಿ, "ಡಾಕ್ಟ್ರಿಗೆ ಹೇಳಿದರೆ ಇರೋ ಕೋಳೀನೂ ಸಾಯಿಸ್ತಾರೆ" ಎಂಬ ಅಂಜಿಕೆ. ಹೇಳಿದ ಮಾತ್ರಕ್ಕೆ ಯಾರೂ ಬಂದು ಕೊಲ್ಲುವುದಿಲ್ಲ. ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ತಿಳಿಸಿದರೆ ಮಾದರಿಯನ್ನು ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆ. ಹಕ್ಕಿ ಜ್ವರ ಎಂದು ಅಂತಿಮವಾಗಿ ದೃಢಪಡಿಸುವುದು ಭೋಪಾಲ್‌ನ ರಾಷ್ಟ್ರೀಯ ಪ್ರಯೋಗಾಲಯ. ದೃಢಪಟ್ಟರೆ ಮಾತ್ರ ಸುತ್ತಲ ಒಂದು ಕಿಲೋಮೀಟರ್‌ನೊಳಗಿನ ಸಾಕುಕೋಳಿಗಳನ್ನು ಕೊಂದು ಸುಣ್ಣ ಹಾಕಿ ಆಳಕ್ಕೆ ಹೂಳುತ್ತಾರೆ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ಹಾಗೆ ಕೊಂದ ಕೋಳಿಗೆ ಸರ್ಕಾರದ ಪರಿಹಾರ ಉಂಟು, ತಾನಾಗಿ ಸತ್ತ ಕೋಳಿಗೆ ಇಲ್ಲ. ಮೊದಲ ಎರಡು ಕೋಳಿ ಸತ್ತ ದಿನವೇ ತಿಳಿಸಿದವರಿಗೂ, ಎಲ್ಲ ಸತ್ತ ಮೇಲೆ ತಿಳಿಸಿದವರಿಗೂ ಕೈಗೆ ಬರುವ ಹಣದಲ್ಲಿ ಇರುವ ವ್ಯತ್ಯಾಸ ಅದು. ಸಿಬ್ಬಂದಿ ಬರುವ ತನಕ ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬಾರದು. ಉಳಿದ ಕೋಳಿಗಳನ್ನು ಹೊರಗೆ ಬಿಡಬಾರದು, ಮಾರಬಾರದು, ನೆಂಟರ ಮನೆಗೆ ಸಾಗಿಸಲೂಬಾರದು. ಮಕ್ಕಳು ಅತ್ತ ಸುಳಿಯದಂತೆ ನೋಡಿಕೊಳ್ಳಬೇಕು.