ಹಿಮ ಬೀಳುವ ಮೊದಲು, ಹಿಮ ಬಿದ್ದ ಮೇಲೆ: ಗುಲ್ಮಾರ್ಗ್‌ನಲ್ಲಿ ಹವಾಮಾನದ ಓದು

ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಯಾವ ವಾರ ಎಷ್ಟು ಹಿಮ ಬೀಳಬೇಕೆಂಬುದು ಅಲ್ಲಿಂದ ಮೂರು ನಾಲ್ಕು ಸಾವಿರ ಕಿಲೋಮೀಟರ್ ಪಶ್ಚಿಮಕ್ಕಿರುವ ಮೆಡಿಟರೇನಿಯನ್ ಸಮುದ್ರದ ಆಸುಪಾಸಿನಲ್ಲಿ ತೀರ್ಮಾನವಾಗತೊಡಗುತ್ತದೆ. ಅಲ್ಲಿ ಹುಟ್ಟುವ ವಾಯುಭಾರ ಕುಸಿತಗಳು, ವಾತಾವರಣದ ಮೇಲ್ಪದರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಅತಿವೇಗವಾಗಿ ಬೀಸುವ ಜೆಟ್ ಪ್ರವಾಹದ ಜೊತೆ ಸಾಗಿ, ಇರಾನ್ ಮತ್ತು ಅಫ್ಘಾನಿಸ್ತಾನಗಳನ್ನು ದಾಟಿ, ಕೆಲವೇ ದಿನಗಳಲ್ಲಿ ಹಿಮಾಲಯವನ್ನು ಮುಟ್ಟುತ್ತವೆ. ಹವಾಮಾನ ಇಲಾಖೆಯ ಪ್ರಕಟಣೆಗಳಲ್ಲಿ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕಾಣಿಸಿಕೊಳ್ಳುವ ಪಶ್ಚಿಮದ ಕ್ಷೋಭೆಗಳೆಂದರೆ ಇವೇ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಂದರ ಹಿಂದೆ ಒಂದು ಬರುವ ಇವುಗಳಿಂದಲೇ ಕಾಶ್ಮೀರದ ಕಣಿವೆಗೆ ಹಿಮವೂ ಪಂಜಾಬಿನ ಗೋಧಿಗೆ ಚಳಿಗಾಲದ ಮಳೆಯೂ ದೊರೆಯುತ್ತವೆ. ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಕ್ರೀಡೆಯವರು ಚಳಿಗಾಲವಿಡೀ ಉಪಗ್ರಹ ಚಿತ್ರಗಳಲ್ಲಿ ಹುಡುಕುವುದೂ ಇವನ್ನೇ.

ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿರುವ ಗುಲ್ಮಾರ್ಗ್‌ನ ಹುಲ್ಲುಗಾವಲಿನಿಂದ ಹೊರಡುವ ಗೊಂಡೋಲಾ, ಅಂದರೆ ತಂತಿಯ ಮೇಲೆ ಸಾಗುವ ಪೆಟ್ಟಿಗೆಯಂಥ ವಾಹನ, ಮೊದಲು ಕೊಂಗ್‌ಡೂರಿಗೂ ಅಲ್ಲಿಂದ ಅಫರ್ವಾಟ್ ಪರ್ವತದ ಹೆಗಲಿನ ಮೇಲೆ ಸುಮಾರು 3,950 ಮೀಟರ್ ಎತ್ತರಕ್ಕೂ ಜನರನ್ನು ಒಯ್ಯುತ್ತದೆ. ಇಷ್ಟು ಎತ್ತರಕ್ಕೆ ಯಂತ್ರದ ನೆರವಿನಿಂದ ಏರಿ, ಯಾರೂ ತುಳಿಯದ ಹೊಸ ಹಿಮದಲ್ಲಿ ಇಳಿಯಬಹುದಾದ ತಾಣಗಳು ಲೋಕದಲ್ಲಿ ವಿರಳವಾದ್ದರಿಂದ, ಯುರೋಪು ಮತ್ತು ರಷ್ಯಾಗಳಿಂದಲೂ ಸ್ಕೀಯರ್‌ಗಳು ಇಲ್ಲಿಗೆ ಬರುತ್ತಾರೆ. ಇಲ್ಲಿನ ಸ್ಕೀಯಿಂಗ್ ಚರಿತ್ರೆಯಲ್ಲಿ ಕೊಡಗಿಗೂ ಒಂದು ಪಾಲಿದೆ: 19ನೇ ಪದಾತಿ ಡಿವಿಷನ್ನಿನ ಮುಖ್ಯಸ್ಥರಾಗಿದ್ದ ಕೆ.ಎಸ್. ತಿಮ್ಮಯ್ಯನವರು 1948ರ ಡಿಸೆಂಬರ್‌ನಲ್ಲಿ ಇಲ್ಲಿ ಸೈನಿಕರಿಗಾಗಿ ಆರಂಭಿಸಿದ ಸ್ಕೀ ಶಾಲೆಯೇ ಮುಂದೆ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿ ಬೆಳೆಯಿತು.

ಕ್ಷೋಭೆ ಬರುತ್ತಿದೆ ಎಂಬುದು ಐದಾರು ದಿನಗಳ ಮೊದಲೇ ತಿಳಿಯುತ್ತದೆ. ಅದು ಎಷ್ಟು ಹಿಮ ಸುರಿಸುತ್ತದೆ ಎಂಬುದು ಮಾತ್ರ ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ನೈಋತ್ಯ ಮುಂಗಾರು ಸಹ್ಯಾದ್ರಿಗೆ ಡಿಕ್ಕಿಹೊಡೆದು ಮೇಲೇರಿ ಆಗುಂಬೆಯಲ್ಲಿ ಮಳೆ ಸುರಿಸುವ ಹಾಗೆಯೇ, ಪಶ್ಚಿಮದಿಂದ ಬರುವ ತೇವಭರಿತ ಗಾಳಿ ಪೀರ್ ಪಂಜಾಲ್ ಶ್ರೇಣಿಗೆ ತಾಗಿ, ಮೇಲೇರಿ, ತಣಿದು, ತನ್ನ ತೇವವನ್ನು ಹಿಮವಾಗಿ ಇಳಿಸುತ್ತದೆ. ಕ್ಷೋಭೆಯ ದಾರಿ ನೂರು ಕಿಲೋಮೀಟರ್ ಉತ್ತರಕ್ಕೋ ದಕ್ಷಿಣಕ್ಕೋ ಸರಿದರೂ, ರಾಜಸ್ಥಾನದ ಮೇಲೆ ಅದರಿಂದ ಪ್ರೇರಿತವಾಗಿ ಇನ್ನೊಂದು ಸುಳಿ ಎದ್ದು ಅರಬ್ಬಿ ಸಮುದ್ರದ ತೇವವನ್ನು ಮೇಲಕ್ಕೆ ಎಳೆದುಕೊಂಡರೂ, ಹಿಮದ ಲೆಕ್ಕ ಪೂರ್ತಿ ಬದಲಾಗುತ್ತದೆ. ಈ ಅನಿಶ್ಚಿತತೆಯನ್ನು ಅಳೆಯಲೆಂದೇ ಮುನ್ಸೂಚನಾ ಕೇಂದ್ರಗಳು ಒಂದೇ ಲೆಕ್ಕವನ್ನು ಹಲವು ಬಾರಿ ಮಾಡುತ್ತವೆ: ಆರಂಭದ ಸ್ಥಿತಿಯನ್ನು ಪ್ರತಿಬಾರಿಯೂ ತುಸು ಬದಲಿಸಿ ಕಂಪ್ಯೂಟರ್ ಮಾದರಿಯನ್ನು ಓಡಿಸುವ ಈ ವಿಧಾನಕ್ಕೆ ಸಮೂಹ ಮುನ್ಸೂಚನೆ ಎನ್ನಬಹುದು. ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರ ಹೀಗೆ 51 ಸಲ ಲೆಕ್ಕ ಹಾಕುತ್ತದೆ. ಐವತ್ತೊಂದರಲ್ಲಿ ಬಹುಪಾಲು ಉತ್ತರಗಳು ಒಂದೇ ಕಡೆ ಸೇರಿದರೆ ಮುನ್ಸೂಚನೆಯನ್ನು ನಂಬಬಹುದು. ಕೆಲವು ಹತ್ತು ಸೆಂಟಿಮೀಟರ್ ಎಂದೂ ಕೆಲವು ಎಂಬತ್ತು ಎಂದೂ ಹೇಳಿದರೆ, ಅವುಗಳ ಸರಾಸರಿಯನ್ನು ಹಿಡಿದುಕೊಂಡು ವಿಮಾನದ ಟಿಕೆಟ್ ಕಾಯ್ದಿರಿಸುವುದು ಜಾಣತನವಲ್ಲ. ವಾರದ ಮೊದಲೇ ಮೊಬೈಲಿನ ಆ್ಯಪ್‌ಗಳಲ್ಲಿ ಕಾಣುವ ದೊಡ್ಡ ಅಂಕಿಗಳು ಸಾಮಾನ್ಯವಾಗಿ ಇಂಥ ಒಂದೇ ಒಂದು ಲೆಕ್ಕದಿಂದ ಬಂದವು, ಆದ್ದರಿಂದ ಅನುಭವಿ ಸ್ಕೀಯರ್‌ಗಳು ಅವನ್ನು ನೋಡಿದರೂ ನೆಚ್ಚಿಕೊಳ್ಳುವುದಿಲ್ಲ.

ಪರ್ವತಗಳಲ್ಲಿ ಇನ್ನೊಂದು ತೊಡಕಿದೆ. ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಭಾಗಿಸಿಕೊಂಡು ಪ್ರತಿ ಚೌಕಕ್ಕೂ ಒಂದೊಂದು ಲೆಕ್ಕ ಹಾಕುತ್ತವೆ. ಯುರೋಪಿನ ಕೇಂದ್ರದ ಚೌಕದ ಬದಿ ಸುಮಾರು 9 ಕಿಲೋಮೀಟರ್. 2025ರ ಮೇ ತಿಂಗಳಲ್ಲಿ ಭಾರತ ಬಳಕೆಗೆ ತಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂನಲ್ಲಿ ಅದು 6 ಕಿಲೋಮೀಟರಿಗೆ ಇಳಿದಿದೆ, ಇದು ನಿಜಕ್ಕೂ ಹೆಮ್ಮೆಪಡಬೇಕಾದ ಸಾಧನೆ. ಆದರೂ ಗುಲ್ಮಾರ್ಗ್‌ನ ಹುಲ್ಲುಗಾವಲೂ ಅದಕ್ಕಿಂತ 1,300 ಮೀಟರ್ ಮೇಲಿರುವ ಗೊಂಡೋಲಾದ ತುದಿಯೂ ಹೆಚ್ಚುಕಡಿಮೆ ಒಂದೇ ಚೌಕದೊಳಗೆ ಅಡಗಿಬಿಡಬಹುದು. ಆಗ ಕಡಿದಾದ ಪರ್ವತ ಮಾದರಿಯ ಕಣ್ಣಿಗೆ ಮೊಂಡಾದ ದಿಬ್ಬವಾಗಿ ಕಾಣುತ್ತದೆ. ಪ್ರತಿ ಸಾವಿರ ಮೀಟರ್ ಏರಿದಾಗ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ ಈ ಎರಡು ಜಾಗಗಳ ನಡುವೆ ಎಂಟು ಡಿಗ್ರಿಗಳಷ್ಟು ಅಂತರವಿರುವುದು ಸಹಜ. ಕೆಳಗಿನ ತಂಗ್‌ಮಾರ್ಗ್‌ನಲ್ಲಿ ಮಳೆ, ಗುಲ್ಮಾರ್ಗ್‌ನಲ್ಲಿ ಒದ್ದೆ ಹಿಮ, ಅಫರ್ವಾಟ್‌ನಲ್ಲಿ ಹಗುರವಾದ ಪುಡಿಹಿಮ, ಹೀಗೆ ಒಂದೇ ಬಿರುಗಾಳಿ ಒಂದೇ ಹೊತ್ತಿನಲ್ಲಿ ಮೂರು ರೂಪಗಳಲ್ಲಿ ಇಳಿಯಬಲ್ಲದು. ಹತ್ತು ಮಿಲಿಮೀಟರ್ ನೀರು ಸುಮಾರು ಹತ್ತು ಸೆಂಟಿಮೀಟರ್ ಹಿಮವಾಗುತ್ತದೆ ಎಂಬುದು ಹಳೆಯ ಲೆಕ್ಕಾಚಾರ. ಚಳಿ ಹೆಚ್ಚಿದ್ದಾಗ ಅಷ್ಟೇ ನೀರು ಹದಿನೈದು ಇಪ್ಪತ್ತು ಸೆಂಟಿಮೀಟರ್ ಹಿಮವಾಗಿಯೂ ನಿಲ್ಲಬಹುದು. ಶ್ರೀನಗರದ ಹವಾಮಾನ ಕೇಂದ್ರದವರು ಯಂತ್ರದ ಅಂಕಿಗಳಿಗೆ ಸ್ಥಳದ ಅರಿವನ್ನು ಸೇರಿಸಿ ಹೊರಡಿಸುವ ಪ್ರಕಟಣೆಗೆ ಬೆಲೆ ಬರುವುದು ಈ ಕಾರಣಕ್ಕೆ.

ಇಲ್ಲಿಯವರೆಗಿನದು ಆಕಾಶದ ಮುನ್ಸೂಚನೆ. ಸ್ಕೀಯರ್ ಓದಲೇಬೇಕಾದ ಇನ್ನೊಂದು ಮುನ್ಸೂಚನೆ ನೆಲಕ್ಕೆ ಸಂಬಂಧಿಸಿದ್ದು, ಮತ್ತು ಜೀವದ ಪ್ರಶ್ನೆ ಇರುವುದು ಅದರಲ್ಲೇ. ಬಿರುಗಾಳಿ ನಿಂತು, ಮೋಡ ಚದುರಿ, ಹೊಸ ಹಿಮದ ಮೇಲೆ ಬಿಸಿಲು ಬೀಳುವ ಮೊದಲ ದಿನವನ್ನೇ ಸ್ಕೀಯರ್‌ಗಳು ಚಳಿಗಾಲವಿಡೀ ಕಾಯುತ್ತಾರೆ. ಇಳಿಜಾರುಗಳು ಕುಸಿಯಲು ಅತ್ಯಂತ ಸಿದ್ಧವಾಗಿರುವುದೂ ಬಿರುಗಾಳಿಯ ಹೊತ್ತಿನಲ್ಲಿ ಮತ್ತು ಅದರ ಬೆನ್ನಿಗೆ ಬರುವ ಒಂದೆರಡು ದಿನಗಳಲ್ಲಿ. ಹಿಮವು ಋತುವಿನುದ್ದಕ್ಕೂ ಪದರ ಪದರವಾಗಿ ಕೂಡುತ್ತದೆ, ಆದರೆ ಎಲ್ಲ ಪದರಗಳೂ ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ. ಬಿದ್ದ ಹಿಮ ತೆಳುವಾಗಿದ್ದು ಹೊರಗೆ ಕಡುಚಳಿ ಇದ್ದರೆ, ನೆಲದ ಬಿಸುಪಿಗೂ ಮೇಲಿನ ಚಳಿಗೂ ನಡುವಿನ ಅಂತರದಿಂದಾಗಿ ಅಡಿಯ ಹಿಮ ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾಗುತ್ತದೆ. ಅದರ ಮೇಲೆ ಹೊಸ ಬಿರುಗಾಳಿ ಅರ್ಧ ಮೀಟರ್ ಹಿಮ ಹೇರಿದಾಗ, ಅಥವಾ ಗಾಳಿ ಬೆಟ್ಟದ ಒಂದು ಬದಿಯ ಹಿಮವನ್ನು ಕೆರೆದು ಇನ್ನೊಂದು ಬದಿಗೆ ಗುಡ್ಡೆ ಹಾಕಿದಾಗ, ಒಬ್ಬ ಮನುಷ್ಯನ ಭಾರಕ್ಕೇ ಇಡೀ ಮೇಲ್ಪದರ ಹಲಗೆಯಂತೆ ಸೀಳಿ ಜಾರುತ್ತದೆ. ಇಂಥ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲಿ ಆಗುತ್ತವೆ. ಸ್ಕೀಯರ್‌ಗಳು ಬಯಸುವ ಓರೆಯೂ ಬಹುಮಟ್ಟಿಗೆ ಇದೇ.

ಈ ಮಾತಿಗೆ ಗುಲ್ಮಾರ್ಗ್‌ನಲ್ಲೇ ನೋವಿನ ಸಾಕ್ಷ್ಯಗಳಿವೆ. 2010ರ ಫೆಬ್ರುವರಿ 8ರಂದು ಖಿಲನ್‌ಮಾರ್ಗ್‌ನಲ್ಲಿ ತರಬೇತಿಯಲ್ಲಿದ್ದ, ತಿಮ್ಮಯ್ಯನವರು ಬೀಜ ಬಿತ್ತಿದ ಅದೇ ಶಾಲೆಯ ಸೈನಿಕರ ಮೇಲೆ ಹಿಮ ಕುಸಿದು ಕನಿಷ್ಠ 17 ಮಂದಿ ಪ್ರಾಣ ಕಳೆದುಕೊಂಡರು. 2023ರ ಫೆಬ್ರುವರಿ 1ರಂದು ಅಫರ್ವಾಟ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಮೃತಪಟ್ಟರು. 2024ರ ಜನವರಿಯಲ್ಲಿ ಗುಲ್ಮಾರ್ಗ್ ಹಿಮವೇ ಇಲ್ಲದೆ ಬರಿದಾಗಿತ್ತು. ಹಿಮಕ್ಕಾಗಿ ಹಾತೊರೆದು ಕಾದ ಜನರಿಗೆ ಫೆಬ್ರುವರಿಯಲ್ಲಿ ದಟ್ಟವಾದ ಹಿಮ ಸಿಕ್ಕಿತು, ಮತ್ತು ಅದರ ಬೆನ್ನಲ್ಲೇ 22ರಂದು ಸಂಭವಿಸಿದ ಕುಸಿತದಲ್ಲಿ ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡರು. ಮರುವರ್ಷ ಮತ್ತೆ ಹಿಮದ ಕೊರತೆಯಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಹಂತವನ್ನೇ ಫೆಬ್ರುವರಿಯಿಂದ ಮಾರ್ಚ್‌ಗೆ ಮುಂದೂಡಬೇಕಾಯಿತು. ಹಿಮ ತಡವಾಗಿ, ಒಮ್ಮೆಲೇ ಬರುವ ಇಂಥ ಚಳಿಗಾಲಗಳಲ್ಲಿ ಕಾಯುವ ತಾಳ್ಮೆ ಜನರಲ್ಲಿ ಕಡಿಮೆಯಾಗಿರುತ್ತದೆ, ಅಡಿಯ ಪದರವೂ ದುರ್ಬಲವಾಗಿರುವ ಸಾಧ್ಯತೆ ಹೆಚ್ಚಿರುತ್ತದೆ. ಹಿಮ ಕಡಿಮೆಯಾದ ವರ್ಷ ಅಪಾಯವೂ ಕಡಿಮೆ ಎಂಬ ನಂಬಿಕೆ ಆದ್ದರಿಂದ ತಪ್ಪು.

ಹಿಮಕುಸಿತದ ಮುನ್ಸೂಚನೆಯನ್ನು ಭಾರತದಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಅಂಗವಾದ, ಚಂಡೀಗಢದ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆ ಹೊರಡಿಸುತ್ತದೆ. ಜಿಲ್ಲೆಯ ಹೆಸರು, ಎಷ್ಟು ಮೀಟರಿಗಿಂತ ಮೇಲೆ ಅಪಾಯ, ಅದರ ಮಟ್ಟವೇನು ಎಂಬ ಮೂರು ಸಂಗತಿಗಳು ಅದರಲ್ಲಿರುತ್ತವೆ. ಗುಲ್ಮಾರ್ಗ್ ಇರುವುದು ಬಾರಾಮುಲ್ಲಾ ಜಿಲ್ಲೆಯಲ್ಲಿ. ಲೋಕದಲ್ಲಿ ಪ್ರಚಲಿತವಾಗಿರುವ, ಯುರೋಪಿನಲ್ಲಿ 1993ರಿಂದ ಬಳಕೆಯಲ್ಲಿರುವ ಐದು ಹಂತಗಳ ಅಳತೆಗೋಲಿನಲ್ಲಿ ಮೂರನೆಯ ಹಂತ ನಡುವಿನದಾಗಿ ಕಾಣುವುದರಿಂದ ಜನ ಅದನ್ನು ಸಾಧಾರಣವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಆಲ್ಪ್ಸ್‌ನ ಹಿಮಕುಸಿತದ ಸಾವುಗಳಲ್ಲಿ ದೊಡ್ಡ ಪಾಲು ಸಂಭವಿಸುವುದು ಈ ಮೂರನೆಯ ಹಂತದಲ್ಲೇ, ಏಕೆಂದರೆ ನಾಲ್ಕು ಮತ್ತು ಐದರಲ್ಲಿ ಜನ ಹೆದರಿ ಮನೆಯಲ್ಲುಳಿಯುತ್ತಾರೆ, ಮೂರರಲ್ಲಿ ಹೊರಟುಬಿಡುತ್ತಾರೆ. ಹಿಮದಡಿ ಪೂರ್ತಿ ಹೂತುಹೋದವರು ಬದುಕುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಚೆನ್ನಾಗಿದ್ದು, ಆಮೇಲೆ ಉಸಿರುಕಟ್ಟುವುದರಿಂದ ತೀವ್ರವಾಗಿ ಕುಗ್ಗುತ್ತದೆ. ಹೊರಗಿನ ರಕ್ಷಣಾ ತಂಡ ಅಷ್ಟರಲ್ಲಿ ತಲುಪುವುದು ಅಪರೂಪ. ಜೊತೆಯಲ್ಲಿದ್ದವರೇ ಹುಡುಕಿ ಅಗೆಯಬೇಕು. ಇದಕ್ಕೆ ಪ್ರತಿಯೊಬ್ಬರಲ್ಲೂ ಸಂಕೇತ ಕಳಿಸುವ ಮತ್ತು ಹಿಡಿಯುವ ಟ್ರಾನ್ಸೀವರ್, ಹಿಮದಲ್ಲಿ ಚುಚ್ಚಿ ನೋಡುವ ಉದ್ದನೆಯ ಕೋಲು ಮತ್ತು ಸಲಿಕೆ ಇರಲೇಬೇಕು, ಅವನ್ನು ಬಳಸುವ ಅಭ್ಯಾಸವೂ ಇರಬೇಕು.

ಜಿಲ್ಲೆಯ ಮಟ್ಟದ ಪ್ರಕಟಣೆಗೆ ಒಂದೊಂದು ಇಳಿಜಾರಿನ ಸ್ಥಿತಿಯನ್ನು ಹೇಳಲಾಗದು. ಎತ್ತರದಲ್ಲಿ ಹಿಮದ ಆಳ, ಗಾಳಿ, ಉಷ್ಣಾಂಶಗಳನ್ನು ಅಳೆಯುವ ಸ್ವಯಂಚಾಲಿತ ಕೇಂದ್ರಗಳು ಹೆಚ್ಚಿದಷ್ಟೂ ಅದು ಸೂಕ್ಷ್ಮವಾಗುತ್ತದೆ. ಪ್ರವಾಸೋದ್ಯಮಕ್ಕೆ ಹಣ ಸುರಿಯುವ ಸರ್ಕಾರ ಇದಕ್ಕೂ ಅಷ್ಟೇ ಉತ್ಸಾಹದಿಂದ ಹಣ ಒದಗಿಸುವುದು ನ್ಯಾಯ. ಜನವರಿ, ಫೆಬ್ರುವರಿಗಳಲ್ಲಿ ಬೆಂಗಳೂರು, ಮೈಸೂರುಗಳಿಂದ ಗುಲ್ಮಾರ್ಗ್‌ಗೆ ಹೊರಡುವ ಓದುಗರು ಶ್ರೀನಗರದ ಹವಾಮಾನ ಕೇಂದ್ರದ ಪ್ರಕಟಣೆಯ ಜೊತೆಗೆ ಹಿಮಕುಸಿತದ ಎಚ್ಚರಿಕೆಯನ್ನೂ ಪ್ರತಿದಿನ ನೋಡಲಿ, ಗೊಂಡೋಲಾದ ಎರಡನೆಯ ಹಂತ ಮುಚ್ಚಿದ್ದರೆ ಕೆಳಗಿನ ಇಳಿಜಾರಿನಲ್ಲೇ ಕಲಿಯಲಿ, ಮತ್ತು ಸ್ಥಳೀಯ ಮಾರ್ಗದರ್ಶಕರು ಇವತ್ತು ಬೇಡ ಎಂದರೆ ಮರುಮಾತಿಲ್ಲದೆ ಒಪ್ಪಿಕೊಳ್ಳಲಿ.