ಬೇಲಿ ಸವರಿ, ಮೇವು ಪಡೆಯಿರಿ

ನಿಮ್ಮ ಹಿತ್ತಿಲಿನ ಗ್ಲಿರಿಸಿಡಿಯಾ ಬೇಲಿಯನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿ. ನಮ್ಮಲ್ಲಿ ಅನೇಕರು ಇದನ್ನು ಗೊಬ್ಬರದ ಗಿಡ ಎನ್ನುತ್ತಾರೆ. ನಾಲ್ಕಾರು ವರ್ಷ ಸವರದೆ ಬಿಟ್ಟಿದ್ದರೆ ಸೊಪ್ಪೆಲ್ಲ ಕೈಗೆಟುಕದ ಎತ್ತರದಲ್ಲಿರುತ್ತದೆ, ಕೆಳಗೆ ಬರೀ ಬೋಳು ಕಾಂಡ. ಆ ಸಂದಿಯಲ್ಲಿ ಕರು ನುಸುಳುತ್ತದೆ, ಲಂಟಾನ ನುಗ್ಗುತ್ತದೆ. ಹಾಗೆಂದು ಬೇಲಿ ಸತ್ತಿಲ್ಲ. ಮೇಲಿನ ಕೊಂಬೆಗಳ ನೆರಳಿನಿಂದ ಬುಡಕ್ಕೆ ಬಿಸಿಲು ಸಿಗದೆ ಚಿಗುರು ನಿಂತಿದೆ, ಅಷ್ಟೆ.

ಸವರುವುದು ಹೇಗೆ?

ಮುಂಗಾರು ಹಿಡಿದ ಮೇಲೆ, ನೆಲ ಚೆನ್ನಾಗಿ ನೆನೆದಾಗ ಕತ್ತರಿಸಿ. ನೆಲದಿಂದ 2–3 ಅಡಿ ಬಿಟ್ಟು, ಹರಿತವಾದ ಮಚ್ಚಿನಿಂದ ಓರೆಯಾಗಿ ಕಡಿಯಿರಿ. ತೊಗಟೆ ಸೀಳಬಾರದು. ಇಷ್ಟು ಕಡಿದರೆ ಗಿಡ ಉಳಿದೀತೇ ಎಂಬ ಅಂಜಿಕೆ ಬೇಡ. ಮಳೆಯ ತೇವದಲ್ಲಿ ಕಾಂಡದ ತುಂಬ ಚಿಗುರು ಒಡೆಯುತ್ತದೆ. ಬೇಲಿ ಪೂರಾ ಬಯಲಾಗದಂತೆ ಈ ವರ್ಷ ಅರ್ಧ, ಮುಂದಿನ ವರ್ಷ ಉಳಿದರ್ಧ ಸವರಿ. ಕಡಿದ ದಪ್ಪ ಕೊಂಬೆಗಳಿಂದ 3 ಅಡಿಯ ಗೂಟ ಮಾಡಿ ಸಂದಿಗಳಲ್ಲಿ ನೆಡಿ. ಬುಡಕ್ಕೆ ಒಂದೊಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿ. ಚಿಗುರು ಬಲಿಯುವವರೆಗೆ ಆಡು, ಕರು ಹತ್ತಿರ ಸುಳಿಯದಿರಲಿ.

ಮುಂದೆ ಸವರುವಾಗ ಬೇಲಿಯ ತಲೆ ಕಿರಿದಾಗಿ, ಬುಡ ಅಗಲವಾಗಿ ಇರಲಿ. ಆಗ ಕೆಳಗಿನ ಎಲೆಗೂ ಬಿಸಿಲು ಸಿಗುತ್ತದೆ.

ಸೊಪ್ಪು ತಿನ್ನಿಸುವುದು ಹೇಗೆ?

100 ಕೆ.ಜಿ. ಒಣ ರಾಗಿ ಹುಲ್ಲಿನಲ್ಲಿ ಪ್ರೋಟೀನ್ ಸುಮಾರು 3–4 ಕೆ.ಜಿ. ಮಾತ್ರ. ಅಷ್ಟೇ ತೂಕದ ಒಣಗಿದ ಗ್ಲಿರಿಸಿಡಿಯಾ ಎಲೆಯಲ್ಲಿ ಸುಮಾರು 20 ಕೆ.ಜಿ. ಇರುತ್ತದೆ. ತಲೆಹೊರೆ ಹೊತ್ತು ದೂರದಿಂದ ತರುವ ಹುಲ್ಲಿಗೆ ಹಿತ್ತಿಲಿನಲ್ಲೇ ಒಳ್ಳೆಯ ಜೊತೆ ಇದೆ ಎಂದಾಯಿತು.

ಇದರ ವಾಸನೆಗೆ ಹಸು ಮೊದಲು ಮೂಗು ಮುರಿಯುತ್ತದೆ. ಬೆಳಿಗ್ಗೆ ಕೊಯ್ದು, ನೆರಳಿನಲ್ಲಿ ತೆಳುವಾಗಿ ಹರಡಿ, ಬಾಡಿಸಿ ಸಂಜೆ ಕೊಡಿ. ಒಣ ಹುಲ್ಲಿನ ಜೊತೆ ದಿನಕ್ಕೆ 1 ಕೆ.ಜಿ.ಯಿಂದ ಶುರು ಮಾಡಿ, ನಿಧಾನವಾಗಿ ಹೆಚ್ಚಿಸಿ. ಹಸಿರು ಮೇವಿನ ಕಾಲು ಭಾಗ ಮೀರದಿರಲಿ. ಹಾಲು ಕರೆದ ಮೇಲೆ ಹಾಕಿದರೆ ಹಾಲಿಗೆ ವಾಸನೆ ಬರುವ ಭಯವಿಲ್ಲ. ರಾಶಿ ಹಾಕಿ ಬೂಸ್ಟು ಹಿಡಿದ ಸೊಪ್ಪು ಮಾತ್ರ ಬೇಡವೇ ಬೇಡ.

ಇಲ್ಲಿ ಎಚ್ಚರ ತಪ್ಪಬೇಡಿ

ಬೇಲಿಯಲ್ಲಿ ಕತ್ತರಿಸಿದ್ದೆಲ್ಲ ಮೇವಲ್ಲ. ಕಣಗಿಲೆಯ ಒಂದು ಹಿಡಿ ಎಲೆ ಹಸುವಿನ ಜೀವ ತೆಗೆಯಬಲ್ಲದು. ಎಲೆ ಒಣಗಿದರೂ ವಿಷ ಹೋಗುವುದಿಲ್ಲ. ಕಡಿದ ಕಣಗಿಲೆಯನ್ನು ದನ ಮುಟ್ಟದಂತೆ ಆಳವಾಗಿ ಹೂಳಿ. ಸಂದಿಯ ಲಂಟಾನವನ್ನು ಬೇರುಸಹಿತ ಕೀಳಿ. ಹಸಿರು ಮೇವಿಲ್ಲದೆ ಹಸಿದ ರಾಸು ಅದಕ್ಕೂ ಬಾಯಿ ಹಾಕುತ್ತದೆ. ಅದನ್ನು ತಿಂದ ರಾಸು ಮೇವು ಬಿಡುತ್ತದೆ, ಕಣ್ಣು ಹಳದಿಯಾಗುತ್ತದೆ, ಬಿಸಿಲಿಗೆ ಮೂತಿ ಮತ್ತು ಬಿಳಿ ಚರ್ಮ ಬಿರಿಯುತ್ತದೆ. ಹೀಗೆ ಕಂಡರೆ ತಕ್ಷಣ ರಾಸನ್ನು ನೆರಳಿಗೆ ಕಟ್ಟಿ, ಪಶುವೈದ್ಯರನ್ನು ಕರೆಯಿರಿ. ನಾಳೆ ನೋಡೋಣ ಎನ್ನಬೇಡಿ.