ಮಕ್ಕಳ ಪದಸಂಪತ್ತು ಮತ್ತು ಮನೆಯ ಹೊಣೆ

ಅಕ್ಷರಗಳನ್ನು ಒಪ್ಪಿಸುವುದು ಬೇರೆ, ಓದುವುದು ಬೇರೆ. ಮೂರನೆಯ ಅಥವಾ ನಾಲ್ಕನೆಯ ತರಗತಿಯ ಬಾಲಕನೊಬ್ಬನು "ರೈತನು ಮುಂಗಾರಿನಲ್ಲಿ ಕೂರಿಗೆಯಿಂದ ಬಿತ್ತಿದನು" ಎಂಬ ವಾಕ್ಯವನ್ನು ಒಂದಕ್ಷರವೂ ತಪ್ಪದಂತೆ ಉಚ್ಚರಿಸಬಹುದು. ಆದರೆ ಮುಂಗಾರು ಯಾವುದು, ಕೂರಿಗೆ ಎಂಥದು ಎಂಬುದನ್ನು ಅರಿಯದವನಿಗೆ ಆ ವಾಕ್ಯದಿಂದ ದೊರೆಯುವುದು ನಾದಮಾತ್ರ, ಅರ್ಥವಲ್ಲ. ಇಂತಹ ಮಗುವು ಮುಂದಿನ ತರಗತಿಗಳಲ್ಲಿ ಚರಿತ್ರೆಯನ್ನಾಗಲಿ ವಿಜ್ಞಾನವನ್ನಾಗಲಿ ಕಂಠಪಾಠ ಮಾಡಬಲ್ಲುದೇ ಹೊರತು ಗ್ರಹಿಸಲಾರದು. ಇದಕ್ಕೆ ಕೆಲವರು ಶಾಲೆಯನ್ನು ದೂರುವರು. ಕೆಲವರು ಮಗುವಿನ ಬುದ್ಧಿಯನ್ನೇ ಹಳಿಯುವರು. ವಾಸ್ತವವಾಗಿ ಈ ಕೊರತೆಯ ಬೇರು ಶಾಲೆಗೆ ಸೇರುವುದಕ್ಕೂ ಮುಂಚಿನ ವರ್ಷಗಳಲ್ಲಿ, ಮನೆಯ ಅಂಗಳದಲ್ಲಿಯೇ ಇರುತ್ತದೆ. ಅದರ ಪರಿಹಾರವೂ ಅಲ್ಲಿಯೇ ಇದೆ. ಆ ಪರಿಹಾರಕ್ಕೆ ಹೆಚ್ಚಿನ ಹಣವೂ ಬೇಡ, ಪಾಂಡಿತ್ಯವೂ ಬೇಡ ಎಂಬುದೇ ಸಮಾಧಾನದ ಸಂಗತಿ.

ಕಿವಿ ಮೊದಲು, ಕಣ್ಣು ಅನಂತರ

ಮಗುವು ಪದವನ್ನು ಮೊದಲು ಕೇಳುತ್ತದೆ, ಬಳಿಕ ಆಡುತ್ತದೆ, ಆಮೇಲೆ ಓದುತ್ತದೆ, ಕಡೆಗೆ ಬರೆಯುತ್ತದೆ. ಓದುವುದೆಂದರೆ ಕಿವಿಗೆ ಮೊದಲೇ ಪರಿಚಿತವಾದ ಪದವನ್ನು ಅಕ್ಷರದ ಉಡುಪಿನಲ್ಲಿ ಗುರುತಿಸುವುದು. 'ತೆನೆ' ಎಂಬುದನ್ನು ಹೊಲದಲ್ಲಿ ಕಂಡು, ಅಜ್ಜಿಯ ಬಾಯಲ್ಲಿ ಕೇಳಿದ ಮಗುವಿಗೆ ಪುಸ್ತಕದಲ್ಲಿ 'ತೆ' ಎಂಬ ಅಕ್ಷರವನ್ನು ಕಂಡೊಡನೆ ಉಳಿದುದು ತಾನಾಗಿಯೇ ಹೊಳೆಯುತ್ತದೆ. ಆ ಪದವನ್ನೇ ಕೇಳದ ಮಗುವಾದರೋ ಅಕ್ಷರಕ್ಕೆ ಅಕ್ಷರ ಕೂಡಿಸಿ ದಣಿಯುತ್ತದೆ.

ನಮ್ಮ ಲಿಪಿಯ ಸ್ವಭಾವವನ್ನು ನೆನೆದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುವುದು. ವರ್ಣಮಾಲೆಯಲ್ಲಿ ಎಣಿಕೆಗೆ ಸಿಕ್ಕುವ ಅಕ್ಷರಗಳು ೪೯ ಮಾತ್ರ. ಆದರೆ ೩೪ ವ್ಯಂಜನಗಳ ಕಾಗುಣಿತವನ್ನು ಸೇರಿಸಿದರೆ ಕಲಿಯಬೇಕಾದ ರೂಪಗಳು ಹಲವು ನೂರಾಗುತ್ತವೆ. ಒತ್ತಕ್ಷರಗಳು ಬಂದ ಮೇಲಂತೂ ಆ ಸಂಖ್ಯೆ ಮತ್ತೂ ಬೆಳೆಯುತ್ತದೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ನಡೆಸಿದ ಡಾ. ಸೋನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಪೂರ್ಣ ಪರಿಚಯವು ಮೊದಲೆರಡು ವರ್ಷಗಳಲ್ಲಿ ಮುಗಿಯದೆ ಪ್ರಾಥಮಿಕ ಶಾಲೆಯ ಮುಂದಿನ ತರಗತಿಗಳವರೆಗೂ ಸಾಗುತ್ತದೆಂಬುದನ್ನು ತೋರಿಸಿಕೊಟ್ಟಿದೆ. ಆದುದರಿಂದ ಒಂದನೆಯ ತರಗತಿಯ ಕೊನೆಗೇ ಮಗು ಸರಾಗವಾಗಿ ಓದಲಿಲ್ಲವೆಂದು ಗದರಿಸುವುದು ತರವಲ್ಲ. ಈ ದೀರ್ಘವಾದ ಕಲಿಕೆಯ ಕಾಲದಲ್ಲಿ ಮಗುವಿನ ಕೈಹಿಡಿದು ನಡೆಸುವುದು ಅದಕ್ಕೆ ಮೊದಲೇ ಗೊತ್ತಿರುವ ಪದಗಳು.

ಓದುಬಾರದ ತಾಯಿಯೂ ಗುರುವೇ

"ನಮಗೇ ಓದು ಬಾರದು, ಮಗುವಿಗೆ ನಾವೇನು ಕಲಿಸಿಯೇವು?" ಎಂದು ಹಳ್ಳಿಗಾಡಿನ ತಂದೆತಾಯಿಗಳು ಕೇಳುವುದುಂಟು. ಇದು ವಿನಯದ ಮಾತಾದರೂ ಸತ್ಯವಾದ ಮಾತಲ್ಲ. ಒಂದು ಅಡಿಗೆಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಳಕೆಯಾಗುವ ಕ್ರಿಯಾಪದಗಳನ್ನು ಎಣಿಸಿದರೆ ಸಾಕು. ಅಕ್ಕಿಯನ್ನು ಆರಿಸುವರು, ನೆನೆಸುವರು, ರುಬ್ಬುವರು. ಕಾಳನ್ನು ಹುರಿಯುವರು, ಬೀಸುವರು, ಜರಡಿ ಹಿಡಿಯುವರು. ಹಿಟ್ಟನ್ನು ಕಲಸುವರು, ನಾದುವರು, ಲಟ್ಟಿಸುವರು. ರೊಟ್ಟಿಯನ್ನು ತಟ್ಟುವರು, ಮುದ್ದೆಯನ್ನು ತೊಳಸುವರು. ಮೊರದಲ್ಲಿ ಕೇರುವುದು ಬೇರೆ, ಕಣದಲ್ಲಿ ಗಾಳಿಗೆ ತೂರುವುದು ಬೇರೆ. ಈ ಸೂಕ್ಷ್ಮ ಭೇದಗಳನ್ನೆಲ್ಲ ತಾಯಿ ಬಲ್ಲಳು. ಆದರೆ ಮಗುವಿನೊಡನೆ ಮಾತನಾಡುವಾಗ "ಅದನ್ನು ಮಾಡು, ಇದನ್ನು ತಾ" ಎಂಬ ಸರ್ವನಾಮಗಳಲ್ಲಿಯೇ ಕೆಲಸ ಮುಗಿಸುತ್ತಾಳೆ. "ಅದನ್ನು ತಾ" ಎನ್ನುವ ಕಡೆ "ಗೂಡಿನಲ್ಲಿರುವ ಹಿತ್ತಾಳೆಯ ಸೌಟನ್ನು ತಾ" ಎಂದರೆ, ಯಾವ ಖರ್ಚೂ ಇಲ್ಲದೆ ಮಗುವಿಗೆ ಒಂದು ಸ್ಥಳ, ಒಂದು ಲೋಹ, ಒಂದು ಸಾಧನ ಇವಿಷ್ಟರ ಹೆಸರು ದೊರೆತಂತಾಯಿತು. ವಸ್ತುವಿಗೆ ಅದರ ಹೆಸರನ್ನು ಹೇಳುವುದೇ ಮನೆಯ ಪಾಠದ ಪ್ರಥಮ ಸೂತ್ರ.

ಹೊಲ, ತೋಟ, ಕೆರೆಗಳ ನಿಘಂಟು

ಚಿತ್ರದುರ್ಗ ಜಿಲ್ಲೆಯ ಒಂದೊಂದು ತಾಲ್ಲೂಕಿಗೂ ತನ್ನದೇ ಆದ ಪದಭಂಡಾರವಿದೆ. ಹೊಳಲ್ಕೆರೆ ಮತ್ತು ಭೀಮಸಮುದ್ರದ ಕಡೆಯ ಅಡಕೆಯ ತೋಟದಲ್ಲಿ ಹಿಂಗಾರ, ಗೊನೆ, ಹಾಳೆ, ಸುಲಿತ, ಚೊಗರು ಎಂಬ ಮಾತುಗಳು ನಿತ್ಯ ಕೇಳಿಬರುತ್ತವೆ. ಹೊಸದುರ್ಗದ ತೆಂಗಿನ ತೋಟದಲ್ಲಿ ಒಂದೇ ಮರವು ಹೊಂಬಾಳೆ, ಎಳನೀರು, ಕಾಯಿ, ಕೊಬ್ಬರಿ, ಕರಟ, ನಾರು, ಗರಿ, ಮಟ್ಟೆ ಎಂದು ಹತ್ತಾರು ಪದಗಳನ್ನು ಕೊಡುತ್ತದೆ. ಬಯಲುಸೀಮೆಯ ಹೊಲದಲ್ಲಿ ನೊಗ, ಮೇಳಿ, ಕುಂಟೆ, ಕೂರಿಗೆಗಳು ಟ್ರ್ಯಾಕ್ಟರಿನ ಕಾಲದಲ್ಲಿ ಮರೆಯಾಗುತ್ತಿದ್ದರೂ ಹಿರಿಯರ ನಾಲಗೆಯಲ್ಲಿ ಇನ್ನೂ ಉಳಿದಿವೆ.

ಹಿರಿಯೂರಿನ ಮಕ್ಕಳಿಗೆ ವಾಣಿವಿಲಾಸ ಸಾಗರಕ್ಕಿಂತ ಮಿಗಿಲಾದ ಪಾಠಶಾಲೆ ಬೇರೊಂದಿಲ್ಲ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ೧೯೦೭ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟೆ ೧೯೩೩ರಲ್ಲಿ ತುಂಬಿ ಕೋಡಿ ಹರಿದಿತ್ತು. ಮತ್ತೆ ಕೋಡಿ ಹರಿದುದು ೨೦೨೨ರಲ್ಲಿ. ನಡುವಣ ೮೯ ವರ್ಷಗಳಲ್ಲಿ ಬೆಳೆದ ತಲೆಮಾರುಗಳಿಗೆ ಆ ಕಟ್ಟೆಯ ಕೋಡಿಯೆಂಬುದು ಹಿರಿಯರ ಮಾತಿನಲ್ಲಿದ್ದ ಪದವಷ್ಟೇ ಆಗಿತ್ತು. ೨೦೨೨ರಲ್ಲಿ ತಂದೆಯ ಹೆಗಲೇರಿ ಆ ನೀರನ್ನು ಕಂಡ ಮಗುವಿಗೆ 'ಕೋಡಿ'ಯ ಅರ್ಥವನ್ನು ಯಾವ ನಿಘಂಟೂ ಹೇಳಬೇಕಾಗಿಲ್ಲ. ಅದರ ಜೊತೆಗೆ ತೂಬು, ನಾಲೆ, ಏರಿ, ಅಚ್ಚುಕಟ್ಟು ಎಂಬ ನಾಲ್ಕು ಮಾತುಗಳನ್ನು ಅಲ್ಲಿಯೇ ಬೆರಳಿಟ್ಟು ತೋರಿಸಿದರೆ ಅವು ಜನ್ಮಾವಧಿ ಮರೆಯವು. ಪದವು ಅನುಭವದೊಡನೆ ಬೆಸೆದಾಗಲೇ ಸ್ಥಿರವಾಗುತ್ತದೆಂಬುದಕ್ಕೆ ಇದು ನಿದರ್ಶನ.

ಊರ ಹೆಸರಿನಲ್ಲಿ ಭಾಷೆಯ ಚರಿತ್ರೆ

ಎಂಟು ಹತ್ತು ವರ್ಷದ ಮಕ್ಕಳಿಗೆ ಪದಗಳನ್ನು ಬಿಡಿಸಿ ನೋಡುವುದು ಒಗಟಿನಷ್ಟೇ ಪ್ರಿಯವಾದ ಆಟ. ಹಿರಿಯೂರು ಎಂದರೆ ಹಿರಿದಾದ ಊರು. ಹೊಸದುರ್ಗ ಎಂದರೆ ಹೊಸತಾದ ದುರ್ಗ. ಹೊಳಲ್ಕೆರೆಯಲ್ಲಿ 'ಹೊಳಲು' ಎಂದರೆ ಪಟ್ಟಣ, ಅದರೊಡನೆ 'ಕೆರೆ' ಸೇರಿದೆ. ಹಳಗನ್ನಡದ ಪಿರಿಯ, ಪೊಸ, ಪೊೞಲ್ ಎಂಬ ಪದಗಳೇ ಕಾಲಕ್ರಮದಲ್ಲಿ ಪಕಾರವು ಹಕಾರವಾಗಿ ಹಿರಿಯ, ಹೊಸ, ಹೊಳಲು ಎಂದಾದುವು. ಒಂದೇ ಜಿಲ್ಲೆಯ ಮೂರು ತಾಲ್ಲೂಕುಗಳ ಹೆಸರಿನಲ್ಲಿ ಕನ್ನಡದ ಒಂದು ಮುಖ್ಯ ಧ್ವನಿವ್ಯತ್ಯಾಸವು ಹೀಗೆ ಅಡಗಿ ಕುಳಿತಿರುವುದು ಸ್ವಾರಸ್ಯಕರವಾಗಿದೆ. ಪಾಲು ಹಾಲಾದುದನ್ನೂ ಪೂವು ಹೂವಾದುದನ್ನೂ ಹೇಳಿ, "ಪಣ್ಣು ಏನಾಯಿತು?" ಎಂದು ಕೇಳಿದರೆ ಮಗು ತಾನೇ ಉತ್ತರಿಸುವುದು.

ಅಂತೆಯೇ ಒಂದು ಪದದಿಂದ ಅದರ ಬಳಗವನ್ನು ಹುಡುಕಿಸಬೇಕು. ಮುಂದಿನ ಕಾರು ಮುಂಗಾರು, ಹಿಂದಿನ ಕಾರು ಹಿಂಗಾರು. ಕಾರು ಎಂದರೆ ಮಳೆಗಾಲ. ಕೆಂಪು ಮಣ್ಣು ಕೆಮ್ಮಣ್ಣು, ಕೆಂಪು ಕಣ್ಣು ಕೆಂಗಣ್ಣು, ಕೆಂಪು ತಾವರೆ ಕೆಂದಾವರೆ. ಈ ಬಗೆಯನ್ನು ಅರಿತ ಮಗುವು ಹೊಸ ಪದವನ್ನು ಕಂಡಾಗ ಹೆದರುವುದಿಲ್ಲ. ಅದನ್ನು ಒಡೆದು ನೋಡುತ್ತದೆ. ಹಿಂದಿನ ಪಾಠಶಾಲೆಗಳಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದುದರ ಉದ್ದೇಶವೂ ಪದಗಳನ್ನು ವರ್ಗವರ್ಗವಾಗಿ ಮನಸ್ಸಿನಲ್ಲಿ ನೆಲೆಗೊಳಿಸುವುದೇ ಆಗಿತ್ತು. ಇಂದು ಆ ಬಾಯಿಪಾಠ ಇಲ್ಲವಾದರೂ ಆ ವರ್ಗೀಕರಣದ ವಿವೇಕ ಉಳಿಯಬೇಕಾದುದು.

ಕೋಟೆಯೂ ವಚನಕಾರರ ಹೆಸರುಗಳೂ

ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಮಕ್ಕಳನ್ನು ಕರೆದೊಯ್ಯುವವರು ಬಹುಮಂದಿ. ಅಲ್ಲಿ ಅವರೊಡನೆ ಮಾತನಾಡುವವರು ಕೆಲವರು. ಕಂದಕ, ಕೊತ್ತಲ, ಬತೇರಿ, ದಿಡ್ಡಿ, ಕಣಜ, ಹೊಂಡ, ಟಂಕಸಾಲೆ, ಮದ್ದು ಬೀಸುವ ಕಲ್ಲು ಇವೆಲ್ಲವೂ ಕಣ್ಣೆದುರಿಗೇ ಇವೆ. ಓಬವ್ವೆಯ ಕಥೆಯನ್ನು ಅರಿಯದ ಮಗು ಜಿಲ್ಲೆಯಲ್ಲಿಲ್ಲ; ಆದರೆ ಒನಕೆಯನ್ನು ಕೈಯಲ್ಲಿ ಹಿಡಿದ ಮಕ್ಕಳು ಈಗ ವಿರಳ. ಮೂಲೆಯಲ್ಲಿ ಧೂಳು ಹಿಡಿದ ಒನಕೆಯೊಂದಿದ್ದರೆ ಅದನ್ನು ಎತ್ತಿಸಿ, ಅದರ ಭಾರವನ್ನು ಮಗುವಿಗೆ ತಿಳಿಯಗೊಡಬೇಕು. ಆಗ ಆ ವೀರಮಾತೆಯ ತೋಳ್ಬಲವೂ ಅರ್ಥವಾಗುತ್ತದೆ, ಪದವೂ ಉಳಿಯುತ್ತದೆ.

ಮನೆಯಲ್ಲಿ ನಿತ್ಯ ಸ್ಮರಿಸುವ ಶರಣರ ಹೆಸರುಗಳೂ ಪದಪಾಠಗಳೇ ಆಗಿವೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬಲ್ಲಿ ಒಂದೊಂದು ಹೆಸರೂ ಒಂದೊಂದು ಕಾಯಕವನ್ನು ಹೇಳುತ್ತದೆ. ಅಂಬಿಗನು ದೋಣಿ ನಡೆಸುವವನು, ಮೇದಾರನು ಬಿದಿರಿನ ಬುಟ್ಟಿ ಹೆಣೆಯುವವನು, ನುಲಿಯೆಂದರೆ ಹೊಸೆದ ಹಗ್ಗ. ವಚನಗಳನ್ನು ಕಂಠಸ್ಥ ಮಾಡಿಸುವ ತಂದೆತಾಯಿಗಳು ಅದರೊಡನೆ ಇಷ್ಟು ಅರ್ಥವನ್ನೂ ಹೇಳಿದರೆ ಕಂಠಪಾಠವು ಜ್ಞಾನವಾಗುವುದು.

ವಾಚನಾಭ್ಯಾಸದ ಕ್ರಮ

ಪದಸಂಪತ್ತು ಮಾತಿನಿಂದ ಹುಟ್ಟಿ ಓದಿನಿಂದ ಬೆಳೆಯುತ್ತದೆ. ದಿನಕ್ಕೆ ಹದಿನೈದು ನಿಮಿಷ, ನಿಯತವಾದ ವೇಳೆಯಲ್ಲಿ, ರಾತ್ರಿಯ ಊಟದ ಬಳಿಕವಾದರೆ ಇನ್ನೂ ಲೇಸು, ದೊಡ್ಡವರೊಬ್ಬರು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಬೇಕು. ಸಾಲಿನ ಕೆಳಗೆ ಬೆರಳು ಚಲಿಸುತ್ತಿರಲಿ. ನಡುನಡುವೆ ನಿಲ್ಲಿಸಿ "ಮುಂದೆ ಏನಾದೀತು?", "ಅವನು ಏಕೆ ಅತ್ತನು?" ಎಂದು ಕೇಳಬೇಕು, ಮಗುವಿನ ಚಿಕ್ಕ ಉತ್ತರವನ್ನು ಹಿಗ್ಗಿಸಿ ಪೂರ್ಣವಾಕ್ಯವಾಗಿ ಮರಳಿ ಹೇಳಬೇಕು. ಅಮೆರಿಕೆಯ ವಿದ್ವಾಂಸ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ೧೯೮೮ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಪ್ರಶ್ನಿಸುತ್ತ ಓದಿದ ತಂದೆತಾಯಿಗಳ ಎಳೆಯ ಮಕ್ಕಳು, ಸುಮ್ಮನೆ ಓದಿ ಕೇಳಿಸಿದವರ ಮಕ್ಕಳಿಗಿಂತ ಮಾತಿನಲ್ಲಿ ಮುಂದುವರಿದುದು ಕಂಡುಬಂದಿತು. ಮಗುವು ಅದೇ ಕಥೆಯನ್ನು ಹತ್ತನೆಯ ಸಲ ಕೇಳಿದರೆ ಬೇಸರಿಸಬಾರದು. ಪುನರಾವೃತ್ತಿಯೇ ಅದರ ಅಭ್ಯಾಸ. ಓದುಬಾರದ ಮನೆಯಲ್ಲಿ ಹಿರಿಯ ಮಗುವು ಕಿರಿಯದಕ್ಕೆ ಓದಲಿ, ತಾಯಿ ಕೇಳಿ ಪ್ರಶ್ನಿಸಲಿ.

ಮಗು ತಪ್ಪಾಗಿ ಓದಿದಾಗ ತಲೆಯ ಮೇಲೆ ಮೊಟಕುವುದು, ಹತ್ತು ಜನರೆದುರು ಓದಿಸಿ ಮೆರೆಸುವುದು ಎರಡೂ ವರ್ಜ್ಯ. ಓದು ಶಿಕ್ಷೆಯೆಂದು ಒಮ್ಮೆ ಮನಸ್ಸಿಗೆ ನಾಟಿದರೆ ಅದನ್ನು ಕೀಳುವುದು ಕಷ್ಟ.

ಪುಸ್ತಕಗಳ ವಿಷಯದಲ್ಲಿ ಕನ್ನಡವು ಬಡವಲ್ಲ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಅವರು ಶಿಶುಗೀತೆಗಳಿಂದ ಮಕ್ಕಳ ನಾಲಗೆಗೆ ಲಯವನ್ನು ಕೊಟ್ಟರು. ಶಿವರಾಮ ಕಾರಂತರು ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಒಬ್ಬರೇ ರಚಿಸಿದರು. ಒಂದು ಕಾಲಕ್ಕೆ ಮನೆಮನೆಗೆ ಬರುತ್ತಿದ್ದ 'ಚಂದಮಾಮ' ಈಗ ನಿಂತುಹೋಗಿದೆ. ಆದರೆ ಹಳೆಯ ಸಂಚಿಕೆಗಳು ಎಷ್ಟೋ ಮನೆಗಳ ಅಟ್ಟದಲ್ಲಿವೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಇಂದು 'ಅರಿವು ಕೇಂದ್ರ'ಗಳೆಂಬ ಹೆಸರಿನಿಂದ ನಡೆಯುತ್ತಿದ್ದು, ೨೦೨೦ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದ ಮೂಲಕ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ನೀಡಿವೆ. ವಾರಕ್ಕೊಮ್ಮೆ ಮಗುವಿನ ಕೈಹಿಡಿದು ಅಲ್ಲಿಗೆ ಹೋಗುವುದು ಹಿರಿಯರ ಕರ್ತವ್ಯ. ತುಸು ದೊಡ್ಡ ಮಕ್ಕಳಿರುವ ಮನೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟೊಂದು ಇರಲಿ. ದಿನಕ್ಕೆ ಎರಡೇ ಹೊಸ ಪದಗಳನ್ನು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟು ಮಾತಿನಲ್ಲಿ ಬಳಸಿದರೂ ವರ್ಷಕ್ಕೆ ಏಳುನೂರು ಮೀರುತ್ತವೆ.

ಎರಡು ಸಂದೇಹಗಳು

ಮನೆಮಾತು ಕನ್ನಡವಲ್ಲದ ಮಕ್ಕಳ ಗತಿಯೇನು ಎಂಬುದು ಮೊದಲನೆಯದು. ಹಿರಿಯೂರು ಸೀಮೆಯಲ್ಲಿ ತೆಲುಗು ಆಡುವ ಮನೆಗಳಿವೆ, ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಲಂಬಾಣಿ ತಾಂಡಾಗಳಿವೆ, ಪಟ್ಟಣಗಳಲ್ಲಿ ಉರ್ದು ಮನೆಮಾತಿನವರಿದ್ದಾರೆ. ಅಂತಹ ತಾಯಿಯು ಹರಕು ಕನ್ನಡದಲ್ಲಿ ಮಾತನಾಡುವುದಕ್ಕಿಂತ ತನ್ನ ನುಡಿಯಲ್ಲಿಯೇ ತುಂಬು ಮಾತಿನಿಂದ ಕಥೆ ಹೇಳುವುದು ಮೇಲು. ಅರ್ಥವು ಒಂದು ನುಡಿಯಲ್ಲಿ ನೆಲೆಯೂರಿದರೆ ಇನ್ನೊಂದು ನುಡಿಯ ಪದವು ಅದರ ಮೇಲೆ ಸುಲಭವಾಗಿ ಕೂರುತ್ತದೆ. ಶಿಕ್ಷಕರು ಆ ಮಗುವಿನ ಮನೆಮಾತನ್ನು ಹಾಸ್ಯ ಮಾಡದೆ, "ನಿಮ್ಮಲ್ಲಿ ಇದಕ್ಕೆ ಏನೆನ್ನುವರು?" ಎಂದು ಆದರದಿಂದ ಕೇಳಬೇಕು.

ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಕನ್ನಡದ ಪದಗಳೇಕೆ ಎಂಬುದು ಎರಡನೆಯದು. ಮನೆಯಲ್ಲಿ ಯಾವ ಭಾಷೆಯೂ ಸಮೃದ್ಧವಾಗಿ ಕಿವಿಗೆ ಬೀಳದಿದ್ದರೆ ಮಗುವಿಗೆ ಎರಡು ಭಾಷೆಗಳು ಬರುವುದಿಲ್ಲ. ಎರಡು ಅರೆಭಾಷೆಗಳು ಬರುತ್ತವೆ. ಮೊಬೈಲಿನ ಪರದೆ ಸಾವಿರ ಮಾತುಗಳನ್ನು ಆಡಬಲ್ಲುದು. ಆದರೆ ಮಗು ಆಡಿದ ಮಾತಿಗೆ ತಾಯಿಯಂತೆ ಕಿವಿಗೊಟ್ಟು, ತಿದ್ದಿ, ಬೆಳೆಸಿ ಮರುನುಡಿಯುವುದು ಅದರಿಂದ ಆಗದು.

ಸಮಾಜದ ಪಾಲು

ಈ ಕಾರ್ಯವು ಮನೆಯದಾದರೂ ಶಾಲೆ, ಹಳೆಯ ವಿದ್ಯಾರ್ಥಿಗಳು ಮತ್ತು ದಾನಿಗಳು ಇದಕ್ಕೆ ಆಸರೆಯಾಗಬಲ್ಲರು. ಪಾಲಕರ ಸಭೆಯಲ್ಲಿ ಅಂಕಗಳ ಮಾತಿಗೆ ಮುನ್ನ ಶಿಕ್ಷಕರು ಒಂದು ಕಥೆಯನ್ನು ಓದಿ, ಮನೆಯಲ್ಲಿ ಓದುವ ಬಗೆಯನ್ನು ಪ್ರತ್ಯಕ್ಷ ತೋರಿಸಬಹುದು. ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳು ಓದಿ ಮುಗಿಸಿದ ಪುಸ್ತಕಗಳನ್ನು ತಾವು ಕಲಿತ ಶಾಲೆಗೆ ಕಳುಹಿಸಬಹುದು. ಕಟ್ಟಡಕ್ಕೆ ಕಲ್ಲು, ಸಿಮೆಂಟು ಕೊಡುವ ದಾನಿಗಳು ತರಗತಿಗೊಂದು ಪುಸ್ತಕದ ಪೆಟ್ಟಿಗೆಯನ್ನೂ ಕೊಟ್ಟು, ಶನಿವಾರ ಅದರೊಳಗಿನ ಒಂದೊಂದು ಪುಸ್ತಕ ಒಂದೊಂದು ಮನೆಗೆ ಹೋಗಿ ಸೋಮವಾರ ಮರಳುವಂತೆ ಏರ್ಪಡಿಸಬಹುದು. ಪುಟ ಹರಿದು ಬಂದರೂ ಚಿಂತೆಯಿಲ್ಲ. ಬೀರುವಿನಲ್ಲಿ ಬೀಗ ಹಾಕಿದ ಹೊಸ ಪುಸ್ತಕಕ್ಕಿಂತ ಮಕ್ಕಳ ಕೈಯಲ್ಲಿ ಸವೆದ ಹಳೆಯ ಪುಸ್ತಕವೇ ಸಾರ್ಥಕ.

ಹಿರಿಯರು ಮಕ್ಕಳಿಗಾಗಿ ಹೊಲವನ್ನೂ ತೋಟವನ್ನೂ ಉಳಿಸಿಡುತ್ತಾರೆ. ಆ ಹೊಲತೋಟಗಳ ಹೆಸರುಗಳನ್ನೂ, ಅವುಗಳ ಸುತ್ತ ತಲೆಮಾರುಗಳು ಕಟ್ಟಿದ ನುಡಿಯನ್ನೂ ಉಳಿಸಿಡಬೇಕು. ಪಾಲುಮಾಡಿದಷ್ಟೂ ಕಡಮೆಯಾಗದ, ಕೊಟ್ಟವರಿಗೂ ಉಳಿಯುವ ಆಸ್ತಿ ಅದೊಂದೇ.